ಮಾವನ ಬಾಯಲ್ಲಿ ಉಳಿದಿದ್ದ ಭಾಷೆ

ನಮ್ಮ ಮಾವ ಕೂತು ಉಂಡದ್ದನ್ನು ನಾನು ನೋಡಿದ್ದೇ ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಊಟ ಮುಗಿಸುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ತಲೆ ಕೆಟ್ಟುಹೋಗುತ್ತಿತ್ತು. "ಕೂತ್ಕೊಳ್ಳಿ ಮಾವ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದು ಒಂದು ದಿನ ಅಂದೇಬಿಟ್ಟೆ. ನನ್ನ ಗಂಡ ನನ್ನತ್ತ ಕಣ್ಣು ಕೆಕ್ಕರಿಸಿದರು. ಮಾವ ಮಾತ್ರ ನಕ್ಕು, "ನಿನಗೆ ಗೊತ್ತಿರೋದು ನನ್ನ ಕಾಲಿಗೆ ಇನ್ನೂ ಗೊತ್ತಾಗಿಲ್ಲಮ್ಮ" ಎಂದರು. ಅವರು ತೀರಿಕೊಂಡ ಮೇಲೂ ಹಜಾರದಲ್ಲಿ ಯಾರೋ ನಡೆದಂತಾಗಿ ನಾನು ಒಲೆ ಬಿಟ್ಟು ಎದ್ದು ಹೋಗುವುದುಂಟು.

ಅವರದು ಲಿಫ್ಟ್ ರಿಪೇರಿ ಕೆಲಸ. ಕಟ್ಟಡಗಳ ನೆತ್ತಿಯ ಮೇಲಿನ ಮೋಟರ್ ಕೋಣೆ, ಗ್ರೀಸ್ ಮೆತ್ತಿದ ಉಕ್ಕಿನ ಹಗ್ಗ, ಬಾಗಿಲ ಕೆಳಗಿನ ಸಂದಿಯಲ್ಲಿ ಸಿಕ್ಕಿಕೊಂಡ ಗೋಲಿ, ಗುಂಡಿ, ಹೇರ್‌ಪಿನ್ನು, ಇಷ್ಟೇ ಅವರ ಪ್ರಪಂಚ. ಆದರೆ ತಾವು ರಿಪೇರಿ ಮಾಡಿದ ಲಿಫ್ಟಿನಲ್ಲಿ ತಾವು ಹೋಗುತ್ತಿರಲಿಲ್ಲ. ಭಾರದ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದರು. "ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವೇನ್ರೀ?" ಎಂದು ಮನೆಗಳ ಮಾಲೀಕರು ಕಿಚಾಯಿಸಿದರೆ, "ಲಿಫ್ಟ್ ಮೇಲೆ ನಂಬಿಕೆ ಇದೆ ಸ್ವಾಮಿ. ಒಳಗೆ ಸುಮ್ನೆ ನಿಂತ್ಕೊಳ್ಳೋಕೆ ಆಗಲ್ಲ" ಎನ್ನುತ್ತಿದ್ದರು.

ಅವರ ಕಥೆ ನನಗೆ ಸಿಕ್ಕಿದ್ದು ತುಣುಕು ತುಣುಕಾಗಿ. ಯುದ್ಧ ಬಂದಾಗ ಅವರಿಗೆ ಏಳು ವರ್ಷ. ತಾಯಿ ಮೊದಲೇ ತೀರಿಕೊಂಡಿದ್ದರು, ಅಪ್ಪ ಎಲ್ಲಿದ್ದಾರೋ ಗೊತ್ತಿರಲಿಲ್ಲ. ಅಕ್ಕನೇ ಅಮ್ಮ, ಅಕ್ಕನೇ ಅಪ್ಪ. ಊರಿಗೆ ಊರೇ ಗುಳೆ ಎದ್ದು ಹೊರಟಾಗ ಒಂದು ಸೇತುವೆಯ ಮೇಲೆ ಜನ ನುಗ್ಗಿ, ಅಕ್ಕನ ಕೈ ತಪ್ಪಿತು. ಹಿಂದಿನಿಂದ ಬಂದ ಚಿಕ್ಕಪ್ಪ ಹುಡುಗನನ್ನು ಎತ್ತಿ ಲಾರಿಗೆ ಹಾಕಿದರು. ಗಡಿ ದಾಟಿ ಈ ಊರಿಗೆ ಬಂದ ಮೊದಲ ವಾರ, ರಸ್ತೆಯಲ್ಲಿ ತಮ್ಮ ಭಾಷೆಯಲ್ಲಿ "ಅಕ್ಕಾ" ಎಂದು ಅತ್ತದ್ದಕ್ಕೆ ಅದೇ ಚಿಕ್ಕಪ್ಪ ಕೆನ್ನೆಗೆ ಬಾರಿಸಿದರಂತೆ. ಶತ್ರುಗಳ ಭಾಷೆ ಎಂದು ಇಲ್ಲಿಯವರು ಹೊಡೆದಾರೆಂಬ ಭಯ. ಅವತ್ತು ಮುಚ್ಚಿದ ಬಾಯಿ ಎಷ್ಟೋ ಕಾಲ ತೆರೆಯಲಿಲ್ಲ. ಓಣಿಯವರು "ಮೂಗ" ಎಂದೇ ಹೆಸರಿಟ್ಟರು. ಕೊನೆಗೆ ಮಾತು ಹೊರಟಾಗ ಅದು ಈ ಊರಿನ ಮಾತಾಗಿತ್ತು. ಚಿಕ್ಕಪ್ಪ ಬೇಗ ಸತ್ತರು. ಹಳೇ ಭಾಷೆ ಆಡಲು ಇನ್ಯಾರೂ ಉಳಿಯಲಿಲ್ಲ.

ಆಮೇಲೆ ಎಲ್ಲರ ಹಾಗೆ ಕೆಲಸ ಕಲಿತರು, ಇಲ್ಲಿನವರನ್ನೇ ಮದುವೆಯಾದರು, ಈ ದೇಶದವರೇ ಆದರು. ನನ್ನ ಗಂಡನಿಗೆ ಅಪ್ಪನ ಭಾಷೆಯ ಒಂದಕ್ಷರ ಬರದು. ನಾನು ಜಗಳವನ್ನೇ ಆಡಿದ್ದೇನೆ. "ಮೊಮ್ಮಕ್ಕಳಿಗಾದರೂ ನಾಲ್ಕು ಮಾತು ಕಲಿಸಬಾರದಾ ಮಾವ?" ಎಂದರೆ, "ಕಲಿತು ಯಾರ ಹತ್ರ ಆಡ್ತಾರೆ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು. ಜ್ವರ ಬಂದಾಗ ಮಾತ್ರ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುತ್ತಿತ್ತು. "ಅಕ್ಕ ಏನಂದ್ಕೊಂಡಳೋ. ಬೇಕಂತಲೇ ಕೈ ಬಿಟ್ಟೆ ಅಂದ್ಕೊಂಡಳೋ ಏನೋ. ಹಾಗಲ್ಲ ಅಂತ ಅವಳಿಗೊಂದು ಮಾತು ಹೇಳಿ ಸತ್ತರೆ ಸಾಕು."

ಕೆಲಸ ಬಿಟ್ಟ ಮೇಲೂ ಕಾಲು ನಿಲ್ಲಲಿಲ್ಲ. ನಮ್ಮ ಪಕ್ಕದ ಕಟ್ಟಡದ ಲಿಫ್ಟ್ ಕೆಟ್ಟರೆ ಕರೆಯದಿದ್ದರೂ ಹಾಜರಾಗುತ್ತಿದ್ದರು. ಒಂದು ಬೆಳಗ್ಗೆ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಹೆಂಗಸೊಬ್ಬಳು ಒಳಗಿನಿಂದ ಕಿರುಚುತ್ತಿದ್ದಳು. ಗದ್ದಲ ಕೇಳಿ ಓಡಿಬಂದ ನಮಗ್ಯಾರಿಗೂ ಅರ್ಥವಾಗಲಿಲ್ಲ. ಮಾವ ಮಾತ್ರ ಮರಗಟ್ಟಿ ನಿಂತರು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ ಏನೋ ಹೇಳಿದರು. ಒಳಗಿನ ಕಿರುಚಾಟ ಗಕ್ಕನೆ ನಿಂತಿತು.

ಅವಳು ಮಾವನ ದೇಶದಿಂದಲೇ ಹೊಸದಾಗಿ ಬಂದ ನರ್ಸ್. ನಮ್ಮ ಮಾತು ಕಲಿತಿದ್ದರೂ ಗಾಬರಿಯಲ್ಲಿ ತನ್ನ ಮಾತೇ ಬಾಯಿಗೆ ಬಂದಿತ್ತು. ಹೊರಗೆ ಬಂದವಳು ಅಳುತ್ತ ನಗುತ್ತ ನನಗೆ ಹೇಳಿದಳು: "'ಅಳಬೇಡ, ಗುಮ್ಮ ಇಲ್ಲ, ನಾನು ಇದೀನಿ' ಅಂದ್ರು. ನಿಮ್ಮ ಮಾವ ಪುಟ್ಟ ಮಗು ಥರ ಮಾತಾಡ್ತಾರೆ!"

ಮಾವನ ಮುಖ ಕೆಂಪಾಯಿತು. ಅವರಿಗೆ ಉಳಿದಿದ್ದುದೇ ಅಷ್ಟು. ಹಸಿವು, ನಿದ್ದೆ, ಗುಮ್ಮ, ಕೊಡು, ಬೇಡ. ಏಳು ವರ್ಷಕ್ಕೆ ನಿಂತುಹೋದ ಭಾಷೆ ಎಪ್ಪತ್ತು ದಾಟಿದ ಬಾಯಲ್ಲಿ ಹಾಗೇ ಇತ್ತು.

ಅಕ್ಕನನ್ನು ಹುಡುಕಿಸಿದ್ದು ಆ ಪುಣ್ಯಾತ್ಗಿತ್ತಿಯೇ. ತನ್ನ ದೇಶದಲ್ಲಿದ್ದ ಬಳಗವನ್ನೆಲ್ಲ ಬೆನ್ನು ಹತ್ತಿ, ಅಕ್ಕ ಬದುಕಿದ್ದಾಳೆ, ಮೊಮ್ಮಗಳ ಮನೆಯಲ್ಲಿದ್ದಾಳೆ ಎಂಬ ಸುದ್ದಿ ತಂದಳು. ವಿಡಿಯೊ ಕಾಲ್ ಮಾಡುವುದೆಂದಾಯಿತು. ಅಲ್ಲಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. "ಅಕ್ಕನ ಮುಂದೆ ಎಳೇ ಮಗು ಥರ ತೊದಲಬೇಕಾ? ದೊಡ್ಡವರು ಆಡೋ ಮಾತು ಕಲಿಸಮ್ಮ" ಎಂದು ಮಾವ ನರ್ಸ್ ಬೆನ್ನು ಬಿದ್ದರು. ಹಲ್ಲುಜ್ಜುವಾಗ, ಬಟ್ಟೆ ಒಣಗಹಾಕುವಾಗ, ಬಚ್ಚಲಲ್ಲಿ, ಎಲ್ಲೆಲ್ಲೂ ಅದೇ ಬಾಯಿಪಾಠ. ಅರ್ಥ ಕೇಳಿದರೆ, "ಪೂಜ್ಯ ಸಹೋದರಿಯವರೇ, ಅಂದಿನ ಜನಸಂದಣಿಯಲ್ಲಿ ನನ್ನ ಇಚ್ಛೆಗೆ ವಿರುದ್ಧವಾಗಿ ತಮ್ಮ ಕೈ ತಪ್ಪಿತು" ಅಂತೆ. "ಅಕ್ಕನಿಗೆ ಫೋನ್ ಮಾಡ್ತಿದೀರೋ, ಸಭೆಯಲ್ಲಿ ಭಾಷಣ ಮಾಡ್ತಿದೀರೋ?" ಎಂದು ರೇಗಿಸಿದೆ. ಅವರು ನಗದೆ ಮತ್ತೆ ಮೊದಲಿನಿಂದ ಒಪ್ಪಿಸತೊಡಗಿದರು.

ಆ ದಿನ ಮಧ್ಯಾಹ್ನದ ಹೊತ್ತಿಗೆ ಅಂಗಿ ಮೂರು ಸಲ ಬದಲಾಯಿತು. ಮೇಜಿನ ಮೇಲೆ ಡಬ್ಬಿಗೆ ಒರಗಿಸಿದ ಫೋನು. ಪಕ್ಕದಲ್ಲಿ ನರ್ಸ್, ನಮಗೆ ಮೆಲ್ಲಗೆ ಅರ್ಥ ಹೇಳಲು. ಪರದೆಯ ಮೇಲೆ ಒಂದು ಸುಕ್ಕುಗಟ್ಟಿದ ಮುಖ ಮೂಡಿತು. ಮಾವ ಕೈಕಟ್ಟಿ ನಿಂತು ಬಾಯಿಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದರು.

ಅಕ್ಕ ಕೇಳಿ, ತಲೆ ಅಲ್ಲಾಡಿಸಿದರು. ತಾನೇ ಅವರ ತಮ್ಮ ಎಂದು ಹೇಳಿಕೊಂಡು ಹಿಂದೆಯೂ ಯಾರೋ ಬಂದು ಅವರಿಗೆ ನೋವು ಕೊಟ್ಟಿದ್ದರಂತೆ. ಮೊಮ್ಮಗಳ ಕಡೆ ತಿರುಗಿ ಹೇಳಿದರು: "ಇವರ್ಯಾರೋ ಆಫೀಸಿನವರು. ನನ್ನ ತಮ್ಮ ಹೀಗೆ ಮಾತಾಡ್ತಿರಲಿಲ್ಲ. ಸಾಕು, ಫೋನ್ ಇಡು."

ನರ್ಸ್ ಅದರ ಅರ್ಥ ಹೇಳುವ ಮೊದಲೇ ಮಾವನಿಗೆ ತಿಳಿಯಿತು. ಮೇಜಿನ ಅಂಚು ಹಿಡಿದು ಬಗ್ಗಿದರು. ಕಲಿತದ್ದೆಲ್ಲ ಹಾರಿಹೋಗಿ, ಗಂಟಲಿನಿಂದ ಬೇರೆಯದೇ ಒಂದು ದನಿ ಬಂತು. ಅದು ಹಟ ಹಿಡಿದ ಮಗುವಿನ ರಾಗ. ನರ್ಸ್ ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದಳು: "'ಅಕ್ಕ, ಕಾಲು ನೋಯ್ತಿದೆ. ಎತ್ಕೋ, ಎತ್ಕೋ ಅಕ್ಕ' ಅಂತಿದಾರೆ."

ಪರದೆಯ ಆಚೆ ಅಕ್ಕ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು ಮಾತಾಡಿದರು, ನರ್ಸ್ ನಮಗೆ ಅರ್ಥ ಹೇಳುತ್ತ ಹೋದಳು.

"ಸೇತುವೆ ಮೇಲೆ ಇದನ್ನೇ ಹೇಳಿ ಹೇಳಿ ನನ್ನ ಜೀವ ತಿಂದೆ ಕಣೋ. ನಾನು ಎತ್ಕೊಳ್ಳಲಿಲ್ಲ. ಸಿಟ್ಟು ಬಂದು 'ನಡಿ' ಅಂತ ಕೈ ಕೊಡವಿದೆ. ತಿರುಗಿ ನೋಡಿದರೆ ನೀನಿಲ್ಲ. ಕೈ ಬಿಟ್ಟಿದ್ದು ನಾನು, ಪುಟ್ಟ. ನೀನಲ್ಲ."

ಮಾವ ನರ್ಸ್ ಕಡೆ ತಿರುಗಿ ನಮ್ಮ ಮಾತಿನಲ್ಲಿ ಅವಸರವಾಗಿ ಕೇಳಿದರು. "ಪರವಾಗಿಲ್ಲ ಅನ್ನೋಕೆ ಏನಂತಾರೆ? ಬೇಗ ಹೇಳಮ್ಮ. ಆ ಮಾತು ನನಗೆ ಬರಲ್ಲ." ಏಳು ವರ್ಷದ ಮಗುವಿಗೆ ಅಕ್ಕನನ್ನು ಕ್ಷಮಿಸುವ ಮಾತು ಯಾವಾಗ ಬೇಕಾಗಿರುತ್ತದೆ? ನರ್ಸ್ ಬಾಯಿ ತೆರೆದಳು. ಅವಳೂ ಅಳುತ್ತಿದ್ದಳು. ಆಚೆ ಅಕ್ಕ ಬಿಕ್ಕುತ್ತಲೇ ಇದ್ದರು.

ಮಾವ ಕಾಯಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದುಕೊಂಡು, ತಮಗೆ ಬರುತ್ತಿದ್ದಷ್ಟರಲ್ಲೇ ಹುಡುಕಿ ಒಂದು ಚಿಕ್ಕ ಮಾತು ಹೇಳಿದರು. ಅಕ್ಕನ ಅಳು ನಿಂತಿತು. ಏನು ಹೇಳಿದರೆಂದು ನರ್ಸ್ ನನಗೆ ಆಮೇಲೆ, ಕಣ್ಣೊರೆಸಿಕೊಂಡು ಹೇಳಿದಳು.

"'ನೋವು ಹೋಯ್ತು, ಅಕ್ಕ' ಅಂದ್ರು."