ಬಂಡೆಗೆ ಎಷ್ಟು ಮೀಟರ್

ದೂರ ಅಳೆಯುವ ದುರ್ಬೀನುಗಳನ್ನು ಪರೀಕ್ಷಿಸುವಾಗ ಭಾವ ಮತ್ತು ನಾನು ಒಂದು ನಿಯಮ ಇಟ್ಟುಕೊಂಡಿದ್ದೆವು. ಇಬ್ಬರೂ ನೋಡಿ ಮುಗಿಸುವವರೆಗೆ ಯಾರೂ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬಾರದು. ಆಮೇಲೆ ಮೊದಲು ಭಾವ, ನಂತರ ನಾನು. ಈ ಕ್ರಮ ನಾನು ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಿಂದ ತಂದದ್ದು. ಇಬ್ಬರು ಬೇರೆ ಬೇರೆಯಾಗಿ ಹೇಳದ ಸಂಗತಿ ಅಲ್ಲಿ ಅಚ್ಚಿಗೆ ಹೋಗುತ್ತಿರಲಿಲ್ಲ. ಭಾವನಿಗೆ ಅದೊಂದು ತಮಾಷೆ.

"ನಿಮ್ಮ ಪೇಪರಿನವರಿಗೆ ಸ್ವಂತ ಅಪ್ಪನನ್ನು ಅಪ್ಪ ಅಂತ ಕರೀಲಿಕ್ಕೂ ಇಬ್ಬರು ಸಾಕ್ಷಿ ಬೇಕು, ಅಲ್ವಾ ಮಾರಾಯ?"

ಭಾವ ಅಂದರೆ ನನ್ನ ಅಕ್ಕನ ಗಂಡ. ಮಸ್ಕತ್ತಿನ ಬೌಷರ್‌ನಲ್ಲಿ ದುರ್ಬೀನು, ದೂರದರ್ಶಕ ಮಾರುವ ಅಂಗಡಿಯಲ್ಲಿ ಅವರು ಬಹಳ ವರ್ಷಗಳಿಂದ ಕೆಲಸಕ್ಕಿದ್ದರು. ಒಮಾನಿನಲ್ಲಿ ಕಾಡುಪ್ರಾಣಿಗಳ ಬೇಟೆಗೆ ಕಾನೂನಿನ ತಡೆ ಇದೆ. ಹೊರದೇಶಕ್ಕೆ ಹೋಗಿ ಬೇಟೆಯಾಡುವ ಗಿರಾಕಿಗಳು ಚಳಿಗಾಲಕ್ಕೆ ಮುಂಚೆ ಬಂದು ಹೊಸ ಮಾಲು ಕೇಳುತ್ತಾರೆ. ಮಸ್ಕತ್ತಿನ ಮಾಸಿಕವೊಂದಕ್ಕೆ ಆ ಸಾಮಾನಿನ ವರದಿ ಬರೆಯುವುದು ನನ್ನ ಕೆಲಸ. ಎರಡನೆಯ ಪರೀಕ್ಷಕ ಅಂಗಡಿಯವರೇ ಎಂಬುದನ್ನು ಪ್ರತಿ ವರದಿಯ ಕೆಳಗೆ ಅಚ್ಚು ಹಾಕುತ್ತಿದ್ದೆವು.

ಆ ಶುಕ್ರವಾರ ಬೆಳಿಗ್ಗೆ ಸೂರ್ ಕಡೆಯ ಹೆದ್ದಾರಿ ಬಿಟ್ಟು ಒಣಗಿದ ವಾದಿಯೊಳಕ್ಕೆ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ ಪಾತ್ರಕ್ಕೆ, ಇಳಿದೆವು. ಕಾರು ನಾನೇ ಓಡಿಸಿದ್ದೆ. ಕೆಲವು ತಿಂಗಳಿಂದ ಭಾವ ಮಂಡಿನೋವು ಎನ್ನುತ್ತಿದ್ದರು. ಮರಳು ಬಿಳಿಚಿಕೊಂಡು ಕಣ್ಣಿಗೆ ಹೊಡೆಯುತ್ತಿತ್ತು. ಪರೀಕ್ಷೆಗೆ ಬೇಕಾದದ್ದೂ ಅದೇ ಬೆಳಕು. ಈ ದುರ್ಬೀನುಗಳಲ್ಲಿ ಗುಂಡಿ ಒತ್ತಿದರೆ ಲೇಸರ್ ಹೋಗಿ ಬಂದು, ಬಲಗಣ್ಣಿನ ಕೊಳವೆಯೊಳಗೆ ಕೆಂಪು ಅಂಕಿ ಮೂಡುತ್ತದೆ. ಹೊಳೆಯುವ ಮರಳಿನ ಮೇಲೆ ಆ ಕೆಂಪು ಮಾಸಿಹೋಗುತ್ತದೋ ಇಲ್ಲವೋ ಎಂಬುದು ಬೇಟೆಗಾರ ಕೇಳುವ ಮೊದಲ ಪ್ರಶ್ನೆ.

ಗುಡ್ಡದ ಬುಡದಲ್ಲಿ ಒಂದು ಕಪ್ಪು ಬಂಡೆ. ನಮಗೂ ಅದಕ್ಕೂ ನಡುವೆ ಒಂದು ಗಾಫ್ ಮರ, ಅದರ ನೆರಳಿನಲ್ಲಿ ಯಾರದ್ದೋ ಆಡುಗಳು. ದೂರ ಅಳೆಯಲಿಕ್ಕೆ ಬಂಡೆಯೇ ಮೊದಲ ಗುರಿ ಎಂದೆ. ಭಾವ ನೋಡಿದರು, ನನಗೆ ಕೊಟ್ಟರು. ನಾನೂ ನೋಡಿ ಕಾದೆ.

"ಇವತ್ತು ನೀನೇ ಮೊದಲು ಹೇಳು."

"ಅದೆಂತದು ಭಾವ, ಹೊಸ ಕ್ರಮ?"

"ಹೇಳು ಮಾರಾಯ. ಯಾವಾಗ್ಲೂ ನಾನೇ ಹೇಳಿ ನಿನಗೆ ಬೆಲೆ ಇಲ್ಲದ ಹಾಗೆ ಆಗಿದೆ."

ನಕ್ಕೆ. "ಇನ್ನೂರ ಹತ್ತು," ಅಂದೆ.

"ಸರಿ. ನನಗೂ ಅಷ್ಟೇ."

ಬಾಯಿಂದ ಬಂದ ಮೇಲೆ ಸಂಖ್ಯೆ ಚಿಕ್ಕದಾಯಿತು ಅನ್ನಿಸಿತು. ಮತ್ತೆ ದುರ್ಬೀನು ಎತ್ತಿದೆ. ಬಂಡೆಯ ಅಂಚಿಗೆ ಗಾಫ್ ಮರದ ಒಂದು ಕೊಂಬೆ ಅಡ್ಡ ಬಂದಿತ್ತು. ಲೇಸರ್ ಅದಕ್ಕೆ ತಾಗಿ ಮರಳಿತ್ತು. ಹೊಸದಾಗಿ ಇದನ್ನು ಹಿಡಿಯುವವರೆಲ್ಲ ಮಾಡುವ ತಪ್ಪು. ಸ್ವಲ್ಪ ಎಡಕ್ಕೆ ಸರಿಸಿ ಗುಂಡಿ ಒತ್ತಿದೆ. ಆರುನೂರ ನಲವತ್ತು.

"ತಪ್ಪಾಯ್ತು ಭಾವ. ನಾನು ಹೇಳಿದ್ದು ಮರದ ದೂರ. ಬಂಡೆ ಆರುನೂರು ದಾಟಿ ಉಂಟು. ನಿಮಗೆ ನಿಜವಾಗಿ ಎಷ್ಟು ಬಂದದ್ದು?"

ಭಾವ ಆಡುಗಳ ಕಡೆ ಮುಖ ಮಾಡಿದರು. ಅವರ ಕೈಗೆ ಕೊಡಲು ಹೊರಟು ದುರ್ಬೀನನ್ನು ಒಮ್ಮೆ ನೋಡಿದೆ. ಬಲಗಣ್ಣಿನ ತುದಿಯಲ್ಲಿ ಸ್ಪಷ್ಟತೆ ಹೊಂದಿಸುವ ರಿಂಗ್ ಇರುತ್ತದೆ. ಬೆಳಿಗ್ಗೆಯಿಂದ, ದೂರ ಅಳೆಯದೆ ಬರೀ ಗಾಜು ನೋಡುವಾಗಲೂ, ಪ್ರತಿ ಸಲ ಭಾವ ನೋಡಿ ಕೊಟ್ಟಾಗ ಅದು ಕೊನೆಯವರೆಗೆ ತಿರುಗಿ ನಿಂತಿರುತ್ತಿತ್ತು. ನಾನು ನನ್ನ ಕಣ್ಣಿಗೆ ಸರಿ ಮಾಡಿಕೊಳ್ಳುತ್ತಿದ್ದೆ, ಅಷ್ಟೇ. ಅದಕ್ಕಿಂತ ಆಚೆಗೆ ತಿರುಗುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

"ಅಂಕಿ ಕಾಣುದಿಲ್ಲವಾ?"

"ಅಂಕಿ ಬಿಡು, ನಿನ್ನ ಬಂಡೆಯೂ ಕಾಣುದಿಲ್ಲ. ಬಲದ್ದು ಹೋಗಿ ಆಯ್ತು. ಎಡದ್ದರಲ್ಲಿ ಹೊಗೆ ಹಾಕಿದ ಹಾಗೆ."

"ಡಾಕ್ಟ್ರಿಗೆ ತೋರಿಸಿದ್ದೀರಾ?"

"ತೋರಿಸದೆ ಎಂತ. ಕಣ್ಣಿನ ನರ ಸತ್ತಿದೆ ಅಂದ್ರು. ಸತ್ತದ್ದು ವಾಪಸ್ ಬರುದಿಲ್ಲ. ಉಳಿದದ್ದನ್ನು ಉಳಿಸ್ಲಿಕ್ಕೆ ಹನಿ ಬಿಡ್ಬೇಕು."

"ಅಕ್ಕನಿಗೆ ಗೊತ್ತುಂಟಾ?"

"ಕಣ್ಣು ಉರಿಗೆ ಹನಿ ಅಂತ ಹೇಳಿದ್ದೇನೆ." ಕಲ್ಲಿನ ಮೇಲೆ ಕೂತರು. "ಮಗಳ ಹನ್ನೆರಡನೇದು ಮುಗೀಲಿ ಅಂತ. ಮಾರ್ಚಿಗೆ ಪರೀಕ್ಷೆ. ಅಲ್ಲಿವರೆಗೆ ಹೇಗಾದ್ರೂ ತಳ್ಳಿದ್ರೆ ಸಾಕು. ಅರ್ಬಾಬಿಗೆ ಈಗ್ಲೇ ಗೊತ್ತಾದ್ರೆ ಖಲಾಸ್. ನಡುವಿನಲ್ಲಿ ಶಾಲೆ ಬಿಡಿಸಿ ಊರಿಗೆ ಕರ್ಕೊಂಡು ಹೋಗ್ಬೇಕು."

ಅರ್ಬಾಬ್ ಅಂದರೆ ಅಂಗಡಿಯ ಮಾಲೀಕ, ಅವರ ವೀಸಾಕ್ಕೆ ಹೊಣೆ ನಿಂತ ಕಫೀಲ್ ಕೂಡ. ನಮ್ಮ ವರದಿಯನ್ನು ಆತ ಒಂದು ಸಾಲು ಬಿಡದೆ ಓದುತ್ತಿದ್ದ. ಎರಡನೆಯ ಪರೀಕ್ಷಕನ ಫಲಿತಾಂಶ ಇಲ್ಲದಿದ್ದರೆ ಯಾಕೆಂದು ಅದೇ ದಿನ ಕೇಳುತ್ತಿದ್ದ. ಆಡುಗಳು ನೆರಳು ಬಿಟ್ಟು ಹೊರಟವು. ಭಾವ ಅವುಗಳ ಗಂಟೆಯ ಸದ್ದು ಹೋದ ಕಡೆಗೆ ತಲೆ ತಿರುಗಿಸುತ್ತಿದ್ದರು. ಅದನ್ನು ಈ ಮೊದಲು ನಾನು ಗಮನಿಸಿರಲಿಲ್ಲ.

"ನನ್ನದು ಬರೀಬೇಡ," ಅಂದರು.

"ಬರೀದಿದ್ರೆ ಅರ್ಬಾಬ್ ಕೇಳ್ತಾರೆ. ಈ ಸಲಕ್ಕೆ ಪರೀಕ್ಷೆಯನ್ನೇ ಬಿಟ್ಟುಬಿಡುವ ಭಾವ. ಬೇರೆ ಸಾಮಾನಿನ ಬಗ್ಗೆ ಬರೀತೇನೆ."

"ಬೇಡ, ಪರೀಕ್ಷೆ ಬಿಡ್ಬೇಡ. ಅಂಗಡಿಯಲ್ಲಿ ಈ ತಿಂಗಳು ಎಷ್ಟು ಜನರಿಗೆ ನಾನೇ ಕೊಡ್ಬೇಕು ಇದನ್ನು. ನಾನು ನೋಡಿದ್ದೇನೆ ಅಂತ ನಂಬಿ ಕೊಳ್ತಾರೆ ಅವರು. ಆಮೇಲೆ ಎಲ್ಲೋ ಹೋಗಿ ಗುಂಡು ಹೊಡೀತಾರೆ. ದೂರ ತಪ್ಪಿದ್ರೆ ಅದು ಹೊಟ್ಟೆಗೋ ಕಾಲಿಗೋ ಬೀಳ್ತದೆ. ಪಾಪದ ಪ್ರಾಣಿ ಸಾಯುದೂ ಇಲ್ಲ, ಬದುಕುದೂ ಇಲ್ಲ." ಕೈಯ ಮರಳು ಕೊಡವಿ, "ಇಷ್ಟು ದಿನ ಅದನ್ನು ಯೋಚನೆ ಮಾಡ್ಲಿಲ್ಲ ಅಂತಲ್ಲ," ಅಂದರು.

ಉಳಿದ ಗುರಿಗಳನ್ನು ನಾನೊಬ್ಬನೇ ನೋಡಿದೆ. ಭಾವ ಎದ್ದುಹೋಗಲಿಲ್ಲ. ನಾನು ಪ್ರತಿ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಿದೆ, ಅವರು ತಲೆಯಾಡಿಸಿದರು. ಹೊರಡುವ ಮೊದಲು ರಿಂಗನ್ನು ಸೊನ್ನೆಗೆ ತಂದು ಚೀಲಕ್ಕೆ ಹಾಕುವುದು ಅವರ ರೂಢಿ. ಅದನ್ನು ಅವರೇ ತಿರುಗಿಸಿದರು.

"ಬಂತಾ ನೋಡು."

"ಇನ್ನೊಂದು ಚೂರು."

"ಈಗ?"

"ಬಂತು."

ಆ ಸಂಜೆಯೇ ಅಕ್ಕನಿಗೆ ಹೇಳಿದರಂತೆ. ಭಾನುವಾರ ಅಂಗಡಿ ತೆರೆದಾಗ ಮಾಲೀಕನಿಗೂ ಹೇಳಿದರು. ಆತ ಕಾಫಿ ತರಿಸಿ, ಪೂರ್ತಿ ಕೇಳಿ, ಮಗಳ ಪರೀಕ್ಷೆ ಮುಗಿಯುವವರೆಗೆ ಕೌಂಟರಿನಲ್ಲಿ ಕೂತುಕೊಳ್ಳಲಿ, ಮಾಲು ತೋರಿಸುವುದು ಬೇಡ, ಆಮೇಲೆ ವೀಸಾ ಮುಂದುವರಿಸುವುದಿಲ್ಲ ಎಂದ. ಕಠಿಣವಾಗಿ ಹೇಳಲಿಲ್ಲ ಎಂದು ಭಾವ ನನಗೆ ಎರಡೆರಡು ಸಲ ಹೇಳಿದರು.

ಮಾಸಿಕ ಬಂದ ದಿನ ಸೀಬ್‌ನ ಅವರ ಮನೆಗೆ ಹೋದೆ. ಒಳಕೋಣೆಯಲ್ಲಿ ಮಗಳು ಓದುತ್ತಿದ್ದಳು. ಅಕ್ಕ ಚಹಾ ತಂದು ಲೋಟವನ್ನು ಮೇಜಿನ ಮೇಲಿಡದೆ ಭಾವನ ಕೈಗೇ ಹಿಡಿಸಿದಳು. ವರದಿ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಯಲ್ಲಿ, ಈ ಸಲ ಪರೀಕ್ಷಿಸಿದವರು ಒಬ್ಬರೇ ಎಂಬ ಸಾಲು. ಅದನ್ನೂ ಹೇಳಿದೆ.

ಭಾವ ಒಂದು ಗುಟುಕು ಕುಡಿದರು.

"ಬಂಡೆ ಅಂತ ನೀನು ಮೊದಲು ಮರದ್ದು ಹೇಳಿದ್ದಿ ಅಲ್ವಾ, ಅದು ಹಾಕಿದ್ದೀಯಾ?"

"ಹಾಕಿದ್ದೇನೆ ಭಾವ."

"ಹಾಗಾದ್ರೆ ಸರಿ," ಅಂದರು. ಲೋಟ ಇಡಲು ಮೇಜಿನ ಅಂಚನ್ನು ಕೈಯಿಂದ ಹುಡುಕಿದರು.