ಕಾಳಪ್ಪನ ತಲೆಗೆ ಸುತ್ತಿದ ರುಮಾಲು

೧೯೭೮ರ ಆರಂಭದಲ್ಲಿ ಸಿಂದಗಿಯ ಒಂದು ಸೇವಾ ಮಂಡಳಿಯವರು ಸಾರ್ವಜನಿಕ ಕೆಲಸದಲ್ಲಿ ರಾಜಕೀಯ ಧೈರ್ಯ ತೋರಿಸಿದವರಿಗೆ ವರ್ಷಕ್ಕೊಂದು ಪ್ರಶಸ್ತಿ ಕೊಡಬೇಕೆಂದು ತೀರ್ಮಾನಿಸಿದರು. ತುರ್ತು ಪರಿಸ್ಥಿತಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅದು ಇದ್ದಾಗ ಬಾಯಿ ಬಿಡದಿದ್ದವರಿಗೆಲ್ಲ ಈಗ ಧೈರ್ಯದ ಮೇಲೆ ಬಹಳ ಗೌರವ ಹುಟ್ಟಿತ್ತು. ಮೊದಲ ಪ್ರಶಸ್ತಿಗೆ ಇಂಡಿ ತಾಲೂಕಿನ ಗೋಣಿನಾಳದ ಪಂಚಾಯತಿ ಸದಸ್ಯ ಕಾಳಪ್ಪನನ್ನು ಆರಿಸಿದರು. ನಾನು ಆಗ ಇಂಡಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾಗಿದ್ದೆ. ಮಾನಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾಣದ ಮನುಷ್ಯನನ್ನು ಹೊಗಳುವುದು ನನಗೆ ಆಗದ ಕೆಲಸ. ಹೊರ್ತಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದು ಚಕ್ಕಡಿ ಹಿಡಿದು ಗೋಣಿನಾಳ ಸೇರಿದೆ.

ಕಾಳಪ್ಪ ಕುರಿ ಕಾಯುವವನು. ಐವತ್ತರ ಆಸುಪಾಸು. ಹೆಗಲ ಮೇಲೆ ಕರಿಕಂಬಳಿ, ತಲೆಗೆ ಮಾಸಿದ ಒಂದು ವಸ್ತ್ರ. ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು. ಪಂಚಾಯತಿ ಸಭೆಯಲ್ಲಿ ಯಾವಾಗಲೂ ಬಾಗಿಲ ಪಕ್ಕದಲ್ಲಿ ಕೂಡುತ್ತಿದ್ದ. ಮೈಗೆ ಕುರಿಯ ವಾಸನೆ ಇರುವುದು ಅವನಿಗೆ ಗೊತ್ತಿತ್ತು, ಉಳಿದವರು ಮೂಗು ಮುಚ್ಚುವ ಮೊದಲೇ ತಾನೇ ದೂರ ಕೂಡುವುದು ಮೇಲೆಂದು ಅವನ ಲೆಕ್ಕ. ಸದಸ್ಯನಾಗಿ ಅವನು ಮಾಡಿಸಿದ್ದು ಎರಡೇ ಕೆಲಸ: ಊರ ಬಾವಿಯ ಹತ್ತಿರ ದನಕರುಗಳಿಗೆ ಕಲ್ಲಿನ ದೋಣಿ, ಮತ್ತು ಹಳ್ಳ ದಾಟಲು ನಾಲ್ಕು ಬಂಡೆಗಲ್ಲು.

ಮಂಡಳಿಯವರಿಗೆ ಗೊತ್ತಿದ್ದದ್ದು ೧೯೭೬ರ ಸಭೆಯ ಸಂಗತಿ. ಆ ಮಳೆಗಾಲದಲ್ಲಿ ಪಂಚಾಯತಿ ಚೇರಮನ್ ಬಸಂತರಾಯ ಗೌಡರು ಒಂದು ಠರಾವು ಓದಿದರು. ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಳ್ಳದ ಗಂಡಸರ ಮನೆಗೆ ಸಕ್ಕರೆ, ಸೀಮೆಎಣ್ಣೆ ಕೊಡಬಾರದು ಎಂದು. ಎಲ್ಲರೂ ಸಹಿ ಹಾಕಿದರು. ಪೆನ್ನು ಬಾಗಿಲ ಹತ್ತಿರ ಬಂದಾಗ ಕಾಳಪ್ಪ ಅದನ್ನು ನೆಲದ ಮೇಲಿಟ್ಟ.

“ಗೌಡ್ರ, ನನ್ನ ಕೈ ಇದಕ್ಕ ಏಳೂದಿಲ್ರಿ.”

“ಯಾಕೋ ಕಾಳ್ಯಾ? ಕೈಗೆ ಲಕ್ವಾ ಹೊಡದೈತೇನು?”

“ಇಲ್ರಿ. ಹೊಡಿಬಾರ್ದು ಅಂತನ ಕೆಳಗ ಇಟ್ಟೇನಿ.”

ಸಭೆ ನಕ್ಕಿತು. ಮರುದಿನ ಪೊಲೀಸರು ಬಂದು ಕಾಳಪ್ಪನನ್ನು ಕರೆದುಕೊಂಡು ಹೋದರು. ಬಿಟ್ಟು ಕಳಿಸಿದಾಗ ಅವನ ಎಡಗಿವಿ ಮಂದವಾಗಿತ್ತು. ಮಾನಪತ್ರಕ್ಕೆ ಇಷ್ಟು ಸಾಕಿತ್ತು. ಉಳಿದದ್ದು ಅವನ ಮನೆಯ ಜಗುಲಿಯ ಮೇಲೆ ತಿಳಿಯಿತು.

ಅವನ ಹೆಂಡತಿ ತಿಪ್ಪವ್ವ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಹೊಸ್ತಿಲ ಮೇಲೆ ಅವನ ಅಕ್ಕ ದುರ್ಗವ್ವ ಕುಳಿತಿದ್ದಳು. ಸಮಾರಂಭ ಇದೇ ಊರಿನಲ್ಲಿ, ಶಾಲು ಹೊದಿಸಿ ರುಮಾಲು ಸುತ್ತುತ್ತಾರೆ ಎಂದು ನಾನು ಹೇಳಿದೆ.

ಕಾಳಪ್ಪ ಕೇಳಿದ, “ಬಾಯಾರ, ಊರಾಗ ಒಂದ ಸುದ್ದಿ ಐತ್ರಿ. ರುಮಾಲ ಖರೇನ ಯಾರ ಸುತ್ತತಾರ್ರಿ?”

“ನಿಮ್ಮ ಚೇರಮನ್ನರು. ಪೆಂಡಾಲು, ಊಟ ಎಲ್ಲಾ ಅವರದ. ನಮ್ಮೂರ ಮನಶ್ಯಾಗ ನಾನ ಸುತ್ತತೇನಿ ಅಂತ ತಾವಾಗಿ ಕೇಳ್ಯಾರಂತ.”

ತಿಪ್ಪವ್ವನ ಕೈ ಉಣ್ಣೆಯಲ್ಲಿ ನಿಂತಿತು. ದುರ್ಗವ್ವ ನಕ್ಕಳು. ಕೇಳಲು ಹಿತವಾದ ನಗೆಯಲ್ಲ.

“ಎಷ್ಟ ಮಾರ ಐತಂತೋ ತಮ್ಮಾ ರುಮಾಲ? ಒಂದ ಬಾಯಿ ಮುಚ್ಚಾಕ ಒಂದ ಗೇಣ ಅರಿವಿ ಸಾಕಿತ್ತಲ್ಲ.”

ನನಗೆ ಅರ್ಥವಾಗಲಿಲ್ಲ. ತಿಪ್ಪವ್ವ ಬಿಡಿಸಿ ಹೇಳಿದಳು. ಆ ಊರಿನ ರೂಢಿ ಹೀಗೆ. ಜಗಳವಾಡಿದ ಇಬ್ಬರಲ್ಲಿ ಒಬ್ಬ ಹತ್ತು ಮಂದಿಯ ಎದುರಿಗೆ ಇನ್ನೊಬ್ಬನ ತಲೆಗೆ ರುಮಾಲು ಸುತ್ತಿದರೆ ಆ ಜಗಳ ಅಲ್ಲಿಗೆ ಮುಗಿಯಿತು. ಸುತ್ತಿಸಿಕೊಂಡವನು ಸುತ್ತಿದವನ ಮೇಲೆ ಆ ವಿಷಯವಾಗಿ ಮತ್ತೆ ಬಾಯಿ ತೆರೆಯುವಂತಿಲ್ಲ, ಊರಲ್ಲೂ ಇಲ್ಲ, ಕಚೇರಿಯಲ್ಲೂ ಇಲ್ಲ. ತೆರೆದರೆ ಅವನು ರುಮಾಲು ಮುರಿದವನು. ಅವನ ಯಾವ ಮಾತನ್ನೂ ಆಮೇಲೆ ಯಾರೂ ನಂಬುವುದಿಲ್ಲ, ಅವನ ಮನೆಗೆ ಹೆಣ್ಣು ಕೊಡುವುದಿಲ್ಲ. ಊರಿನ ಶಂಕರೆಪ್ಪ ಎಂಬವನಿಗೆ ಅವನ ಅಣ್ಣ ಹೊಲದ ಬದು ಒತ್ತಿ ಒಂದು ದಿನ ರುಮಾಲು ಸುತ್ತಿದನಂತೆ. ಶಂಕರೆಪ್ಪ ಸಾಯುವವರೆಗೆ ಆ ಬದುವಿನ ಕಡೆ ತಿರುಗಿ ನೋಡಲಿಲ್ಲ.

“ನಿಮಗೂ ಗೌಡರಿಗೂ ಜಗಳ ಏನು? ಠರಾವಿನದು ಮುಗದ ಹೋತಲ್ಲ,” ಎಂದೆ.

“ಠರಾವಿಂದ ಅಲ್ರಿ,” ಎಂದ ಕಾಳಪ್ಪ. “ಸೋಮನಿಂಗಂದು.”

ಸೋಮನಿಂಗ ದುರ್ಗವ್ವನ ಒಬ್ಬನೇ ಮಗ. ಮದುವೆಯಾಗಿರಲಿಲ್ಲ. ಅದೇ ೧೯೭೬ರಲ್ಲಿ ಕುರಿದೊಡ್ಡಿಯ ಮುಂದೆ ಅವನು ಉಣ್ಣೆ ಕತ್ತರಿಸುತ್ತಿದ್ದಾಗ ಜೀಪು ಬಂತು. ಬಸಂತರಾಯ ಗೌಡರು ಇಳಿದು, ಆಪರೇಶನ್ ಕ್ಯಾಂಪಿಗೆ ಒಂದು ಆಳು ಕಡಿಮೆ ಬಿದ್ದಿದೆ ಎಂದರು. ಅವರ ಇಬ್ಬರು ಆಳುಗಳು ಸೋಮನಿಂಗನನ್ನು ರಟ್ಟೆ ಹಿಡಿದು ಒಳಗೆ ಹಾಕಿದರು. ಕತ್ತರಿ ಅಲ್ಲೇ ಬಿತ್ತು. ಅಡ್ಡ ಹೋದ ಕಾಳಪ್ಪನನ್ನು ಗೌಡರೇ ನೂಕಿದರು. ಬುತ್ತಿ ತಂದಿದ್ದ ತಿಪ್ಪವ್ವ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದಳು. ಬೇರೆ ಯಾರೂ ಇರಲಿಲ್ಲ. ಹುಡುಗ ಮನೆಗೆ ಬಂದ ಮೇಲೆ ಗಾಯ ಕೀವಾಯಿತು. ವಾರ ಕಳೆಯುವಷ್ಟರಲ್ಲಿ ಸತ್ತ. ಕ್ಯಾಂಪಿನ ಕಾಗದದಲ್ಲಿ ಅವನು ಎರಡು ಮಕ್ಕಳ ತಂದೆಯೆಂದೂ ತಾನಾಗಿ ಬಂದನೆಂದೂ ಬರೆದು ಹೆಬ್ಬೆಟ್ಟು ಒತ್ತಿಸಿದ್ದರು.

ಇಂಥ ಸಾವುಗಳ ವಿಚಾರಣೆಗೆ ಈಗ ಒಬ್ಬ ಅಧಿಕಾರಿ ಇಂಡಿಗೆ ಬರುವವನಿದ್ದ. ಮಕ್ಕಳ ಸಂಗತಿ ಗುಮಾಸ್ತನ ಕೈತಪ್ಪು, ಹುಡುಗ ಬಂದದ್ದು ಮಾತ್ರ ತಾನಾಗಿಯೇ ಎಂದು ಗೌಡರು ಆಗಲೇ ಹೇಳತೊಡಗಿದ್ದರು. ಸಾಕ್ಷಿ ಹೇಳಬೇಕಾದವನು ಕಾಳಪ್ಪ. ಸಮಾರಂಭ ಶುಕ್ರವಾರ, ವಿಚಾರಣೆ ಅದರ ಮುಂದಿನ ಮಂಗಳವಾರ.

ದುರ್ಗವ್ವ ಹೇಳಿದಳು, “ನನಗ ಯಾರಿಗೂ ಶಿಕ್ಷಾ ಆಗೂದು ಬ್ಯಾಡ್ರಿ ಬಾಯಾರ. ನನ್ನ ಮಗ ತಾನಾಗಿ ಹೋದ ಅಂತ ಬರದಾರಲ್ಲ, ಅಷ್ಟ ಅಳಿಸಿದ್ರ ಸಾಕು. ಹೆಣ್ಣಿನ ಮಾರಿ ನೋಡದ ಹುಡುಗಗ ಎರಡ ಮಕ್ಕಳ ಬರದಾರ್ರಿ.”

“ಹಂಗಾರ ಪ್ರಶಸ್ತಿ ಒಲ್ಲೆ ಅನ್ರಿ,” ಎಂದು ನಾನು ಕಾಳಪ್ಪನಿಗೆ ಹೇಳಿದೆ.

ಹೇಳುವುದು ಸುಲಭವಾಗಿತ್ತು. ಸುಗ್ಗಿ ಮುಗಿದಿತ್ತು. ಆ ಕಾಲದಲ್ಲಿ ಕುರಿಗಳನ್ನು ರಾತ್ರಿ ರೈತರ ಹೊಲದಲ್ಲಿ ತರುಬುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳ ಕುರಿಯವನಿಗೆ. ಗೋಣಿನಾಳದ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೌಡರ ಮನೆತನದವು. ಹತ್ತು ಮಂದಿಯ ಎದುರಿಗೆ ಗೌಡರ ರುಮಾಲು ಒಲ್ಲೆನೆಂದರೆ ಅದು ಇಡೀ ಮನೆತನಕ್ಕೆ ಮಾಡಿದ ಅವಮಾನ. ಮರುದಿನದಿಂದ ಕುರುಬರ ಒಂದು ಕುರಿಗೂ ಹೊಲವಿಲ್ಲ, ಬಾವಿಯ ನೀರಿಲ್ಲ.

“ನಮ್ಮ ಮಂದಿ ಬಂದು ಕಾಲ ಹಿಡದ ಹೋಗ್ಯಾರ್ರಿ,” ಎಂದ ಕಾಳಪ್ಪ. “ನಿನ್ನ ಅಳಿಯ ತಿರುಗಿ ಬರಂಗಿಲ್ಲ, ನಮ್ಮ ಕುರಿ ಸಾಯ್ತಾವು, ಸುಮ್ಮನ ಸುತ್ತಿಸ್ಕೊ ಅಂತಾರ. ಅಕ್ಕ ಅಂತಾಳ ಸುತ್ತಿಸ್ಕೊಂಡ್ರ ಈ ಹೊಸ್ತಿಲ ತುಳಿಯಂಗಿಲ್ಲ ಅಂತ. ಇಬ್ಬರದೂ ಖರೇ ಐತ್ರಿ. ಅಂದು ಪೆನ್ನ ಇಟ್ಟೆ. ಇದನ್ನ ಎಲ್ಲಿ ಇಡಲಿ?”

ನಾನು ಬಸವನ ಬಾಗೇವಾಡಿಗೆ ಹೋಗಿ, ಅಲ್ಲಿ ವಕೀಲಿ ನಡೆಸುತ್ತಿದ್ದ ಮಂಡಳಿಯ ಕಾರ್ಯದರ್ಶಿ ಶ್ರೀಶೈಲಪ್ಪನವರನ್ನು ಕಂಡೆ. ಸಮಾರಂಭವನ್ನು ಸಿಂದಗಿಗೆ ಒಯ್ಯಿರಿ, ಇಲ್ಲವೇ ರುಮಾಲನ್ನು ನೀವೇ ಸುತ್ತಿರಿ ಎಂದು ಕಾರಣ ಸಹಿತ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿಸಿಕೊಂಡರು.

“ಬಾಯಾರ, ಕಾರ್ಡು ಹಂಚಿ ಆಗೈತಿ. ಮತ್ತ ಇದರಾಗ ಕೆಟ್ಟದ್ದು ಏನೈತ್ರಿ? ಊರಾಗಿನ ವೈರ ನಮ್ಮ ಪ್ರಶಸ್ತಿಯಿಂದ ತೀರಿತು ಅಂದ್ರ ಮಂಡಳಿಗೇ ಹೆಸರು.”

“ವೈರ ತೀರೂದಿಲ್ಲ. ಸಾಕ್ಷಿ ತೀರತೈತಿ.”

“ನೀವು ಸಾಲಿ ನಡಸವರು, ಎಲ್ಲಾದರಾಗೂ ತಪ್ಪ ಹುಡುಕತೀರಿ,” ಎಂದು ಅವರು ನನಗೆ ಅಡಿಕೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಹನುಮಪ್ಪನ ಗುಡಿಯ ಮುಂದೆ ಸಮಾರಂಭ ನಡೆಯಿತು. ನಾನು ಮಾನಪತ್ರ ಓದಿದೆ. ಅದರಲ್ಲಿ ಸಭೆಯ ಸಂಗತಿ ಬಿಟ್ಟು ಒಂದು ವಿಶೇಷಣವನ್ನೂ ಸೇರಿಸಿರಲಿಲ್ಲ. ಶಾಲು ಹೊದಿಸಿದರು, ತಾಮ್ರದ ಫಲಕ ಕೊಟ್ಟರು. ಆಮೇಲೆ ಗೌಡರು ಕೇಸರಿ ರುಮಾಲು ಬಿಚ್ಚಿದರು. ಅವರ ಕೈ ನುರಿತ ಕೈ. ನಿಧಾನವಾಗಿ, ಒಂದೊಂದು ಸುತ್ತಿಗೂ ಮಾತಾಡುತ್ತ ಸುತ್ತಿದರು.

“ಕಾಳಪ್ಪ ಅಂದು ನನ್ನ ಮಾತ ತಗದ ಹಾಕಿದಾ. ನಾ ಸಿಟ್ಟಾಗಲಿಲ್ಲ. ಮೇಂಬರ ಅಂದ್ರ ಹಿಂಗ ಇರಬೇಕು. ಇವತ್ತಿಗೆ ನನ್ನ ಮನಸಿನಾಗ ಏನೂ ಇಲ್ಲ, ಅವನ ಮನಸಿನಾಗೂ ಇಲ್ಲ. ಹೌದಲ್ಲೋ ಕಾಳಪ್ಪ?”

ಅಲ್ಲಿಯವರೆಗೆ ಅವರು ಅವನನ್ನು ಕಾಳ್ಯಾ ಎಂದಲ್ಲದೆ ಕರೆದದ್ದಿಲ್ಲ ಎಂದು ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಪಿಸುಗುಟ್ಟಿದಳು. ಕಾಳಪ್ಪನ ಕುತ್ತಿಗೆ ರುಮಾಲಿನ ಭಾರಕ್ಕೆ ನೆಟ್ಟಗಾಗಿತ್ತು. ಅವನು ಜನರ ಹಿಂದೆ ನಿಂತಿದ್ದ ತನ್ನ ಮಂದಿಯನ್ನು ನೋಡುತ್ತಿದ್ದ. ಅವರೆಲ್ಲ ನೆಲ ನೋಡುತ್ತಿದ್ದರು. ಮಾತಾಡೆಂದು ಮೈಕಿನ ಮುಂದೆ ತಂದು ನಿಲ್ಲಿಸಿದರು.

“ನಾ ಇನ್ನ ಮಾತಾಡಂಗಿಲ್ರಿ,” ಎಂದ.

ಮಂಡಳಿಯವರು ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಊರವರು ತಟ್ಟಲಿಲ್ಲ. ದುರ್ಗವ್ವ ಬಂದಿರಲಿಲ್ಲ. ಅಂದು ಸಂಜೆಯಿಂದ ಅವಳು ತಮ್ಮನ ಮನೆಗೆ ಕಾಲಿಡಲಿಲ್ಲ.

ಮಂಗಳವಾರ ಇಂಡಿಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಮೈಸೂರು ಕಡೆಯವನು, ವಯಸ್ಸು ಚಿಕ್ಕದು, ಮಾತು ಮೃದು. ಶಾಲೆಯ ಕೋಣೆಯೊಂದನ್ನು ಅದಕ್ಕಾಗಿ ಕೇಳಿದ್ದರಿಂದ ನಾನು ಅಲ್ಲಿಯೇ ಇದ್ದೆ. ಗೌಡರು ತಮ್ಮ ಹೇಳಿಕೆ ಕೊಟ್ಟು ಬೆಂಚಿನ ಮೇಲೆ ಕುಳಿತರು. ಗೋಡೆಯ ಒಂದು ತುದಿಗೆ ತಿಪ್ಪವ್ವ, ಇನ್ನೊಂದು ತುದಿಗೆ ದುರ್ಗವ್ವ. ಕಾಳಪ್ಪನನ್ನು ಕರೆದರು. ಅವನು ಕೇಸರಿ ರುಮಾಲು ಸುತ್ತಿಕೊಂಡೇ ಬಂದಿದ್ದ.

“ಸೋಮನಿಂಗನನ್ನು ಜೀಪಿಗೆ ಹತ್ತಿಸಿದಾಗ ನೀವು ಅಲ್ಲಿದ್ರಾ?”

“ತಲಿ ಮ್ಯಾಲ ರುಮಾಲ ಐತ್ರಿ ಸಾಹೇಬ್ರ.”

“ಸೆಕೆಯಾದರೆ ತೆಗೆದಿಡಿ, ಪರವಾಗಿಲ್ಲ.”

“ತಗದ್ರೂ ಇರತೈತ್ರಿ.”

“ಅವನು ತಾನಾಗಿ ಹತ್ತಿದನೇ, ಇಲ್ಲವೇ? ಅಷ್ಟು ಹೇಳಿ.”

ಕಾಳಪ್ಪನ ತುಟಿ ಅಲುಗಿತು. ಹೌದು ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಧಿಕಾರಿ ಕಾದು ನೋಡಿ, ಸಾಕ್ಷಿ ಉತ್ತರಿಸಲು ನಿರಾಕರಿಸಿದ ಎಂದು ಗುಮಾಸ್ತನಿಗೆ ಬರೆಸಿದ. ಗೌಡರು ಏಳಲು ಚಪ್ಪಲಿ ಮೆಟ್ಟಿದರು.

ಆಗ ತಿಪ್ಪವ್ವ ಗೋಡೆ ಬಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಸಾಹೇಬ್ರ, ನಾ ಹೇಳ್ತೇನ್ರಿ. ನಾನೂ ಅಲ್ಲೇ ಇದ್ದೆ.”

“ಏ, ಕೂಡ ಕೆಳಗ,” ಎಂದರು ಗೌಡರು. “ಮನಿ ಗಂಡಸ ಸುಮ್ಮನ ಅದಾನ, ನಡುವ ನಿಂದೇನ? ಇವನ ಮನಿ ಮಾತು ಮುಗದೈತಿ.”

“ಅವನ ಮಾತ ಮುಗದೈತ್ರಿ ಗೌಡ್ರ. ನೀವು ಸುತ್ತಿದ್ದು ಅವನ ತಲಿಗೆ. ನನ್ನ ತಲಿಗೆ ಏನ ಸುತ್ತೀರಿ? ಇಷ್ಟ ವರ್ಷದಾಗ ಒಂದ ಕುಬಸದ ಕಣಾನೂ ಕೊಟ್ಟಿಲ್ಲ.”

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಗೌಡರು ಕೋಣೆಯಲ್ಲಿದ್ದ ಊರ ಹಿರಿಯರ ಮುಖ ನೋಡಿದರು. ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ರೂಢಿಯಲ್ಲಿ ಹೆಂಗಸಿನ ಮಾತೇ ಇರಲಿಲ್ಲ. ಅವಳ ಬಾಯನ್ನೂ ಕಟ್ಟಬೇಕೆಂದು ಯಾವ ಹಿರಿಯನಿಗೂ ಎಂದೂ ಹೊಳೆದಿರಲಿಲ್ಲ. ಅವಳೂ ನೋಡಬಲ್ಲಳು ಎಂಬುದು ಗೌಡರಿಗೂ ಹೊಳೆದಿರಲಿಲ್ಲ.

ತಿಪ್ಪವ್ವ ಜೀಪು ನಿಂತ ಜಾಗ, ಹಿಡಿದ ಆಳುಗಳ ಹೆಸರು, ಗೌಡರು ಆಡಿದ ಮಾತು, ಬಿದ್ದ ಕತ್ತರಿ, ಎಲ್ಲವನ್ನೂ ಹೇಳಿದಳು. ಅಳಲಿಲ್ಲ. ಎಲ್ಲಿಯೂ ಹೆಚ್ಚು ಮಾಡಲಿಲ್ಲ. ಹೇಳಿ ಮುಗಿಸಿ ಹೆಬ್ಬೆಟ್ಟು ಒತ್ತಿದಳು. ಕಾಳಪ್ಪ ಇಡೀ ಹೊತ್ತು ನೆಲ ನೋಡುತ್ತ ನಿಂತಿದ್ದ. ದುರ್ಗವ್ವ ಗೋಡೆಯ ಆ ತುದಿಯಿಂದ ಈ ತುದಿಗೆ ಬಂದು ತಿಪ್ಪವ್ವನ ಪಕ್ಕದಲ್ಲಿ ಕುಳಿತಳು.

ಸೋಮನಿಂಗನನ್ನು ಬಲವಂತದಿಂದ ಒಯ್ದದ್ದು ನಿಜವೆಂದು ವರದಿಯಲ್ಲಿ ಬಂತು. ತಾನಾಗಿ ಬಂದ ಎಂಬ ಸಾಲನ್ನು ತಪ್ಪೆಂದು ದಾಖಲಿಸಿದರು. ಶಿಕ್ಷೆ ಯಾರಿಗೂ ಆಗಲಿಲ್ಲ. ಗೌಡರು ಚೇರಮನ್‌ಗಿರಿ ಬಿಟ್ಟರು, ಅವರ ತಮ್ಮ ಚೇರಮನ್ ಆದ. ಕುರುಬರಿಗೆ ಹೊಲ ಸಿಗಲಿಲ್ಲ. ಕಾಳಪ್ಪ ರೂಢಿ ಮುರಿದಿರಲಿಲ್ಲವಾದ್ದರಿಂದ ಕಾರಣ ಹೇಳಲು ಯಾರಿಗೂ ಬರಲಿಲ್ಲ, ಸುಮ್ಮನೆ ಕೊಡಲಿಲ್ಲ. ಆ ಬೇಸಿಗೆ ಅವರೆಲ್ಲ ಕುರಿ ಹೊಡೆದುಕೊಂಡು ಕೊಲ್ಹಾರದ ಕಡೆ ಕೃಷ್ಣೆಯ ದಂಡೆಗೆ ಹೋದರು. ದಾರಿಯಲ್ಲಿ ಸತ್ತ ಕುರಿಗಳಿಗಾಗಿ ಅವನ ಮಂದಿ ತಿಪ್ಪವ್ವನನ್ನು ಬಹಳ ಕಾಲ ಬಯ್ದರು.

ಮರುವರ್ಷ ಮಂಡಳಿ ಮತ್ತೆ ಹೆಸರು ಕೇಳಿತು. ನಾನು ತಿಪ್ಪವ್ವನ ಹೆಸರು ಕೊಟ್ಟೆ, ಒಪ್ಪಿಗೆ ಕೇಳಲು ಗೋಣಿನಾಳಕ್ಕೆ ಹೋದೆ. ಅವಳು ಜಗುಲಿಯ ಮೇಲೆ ಅದೇ ಜಾಗದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಹೊಸ್ತಿಲ ಮೇಲೆ ದುರ್ಗವ್ವ ಇದ್ದಳು. ಒಳಗೆ ಗೂಟಕ್ಕೆ ಕೇಸರಿ ರುಮಾಲು ತೂಗುಹಾಕಿತ್ತು. ಅದನ್ನು ಹರಿದು ಬಳಸುವಂತಿರಲಿಲ್ಲ, ಬಿಸಾಡುವಂತಿರಲಿಲ್ಲ.

“ಬ್ಯಾಡ್ರಿ ಬಾಯಾರ,” ಎಂದಳು ತಿಪ್ಪವ್ವ. “ಗೌಡ್ರ ತಮ್ಮಗ ಊರ ಕೆರಿ ಒಡ್ಡಿನ ಮ್ಯಾಲ ಕಣ್ಣ ಐತಂತ. ನನ್ನ ಬಾಯಿ ಇನ್ನೂ ಬೇಕಾಗೇತಿ.” ಆಮೇಲೆ ಗಂಡನ ಕಡೆ ತಿರುಗಿ, “ಏನಂತೀಯೋ ಮೇಂಬರಾ?” ಎಂದಳು.

ಕಾಳಪ್ಪ ಕುರಿಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ಅವಳು ಕೇಳಿದ್ದು ಬಲಗಿವಿಯ ಕಡೆಯಿಂದ, ಕೇಳಿಸಿತ್ತು. ಅವನು ಗೂಟದ ಮೇಲಿನ ರುಮಾಲಿನ ಕಡೆ ಒಮ್ಮೆ ನೋಡಿದ. ಮುಳ್ಳು ತೆಗೆದು ಮರಿಯನ್ನು ಕೆಳಗಿಟ್ಟ.