ಬೆವರದ ಮಗಳು, ಎರಡು ಜನರೇಟರು

ಸಾಣೆಯಮ್ಮನ ಮಗಳಿಗೆ ಹುಟ್ಟಿದಾಗಿನಿಂದ ಬೆವರು ಬರುವುದಿಲ್ಲ. ಹೇಳಿದರೆ ಜನ ನಗುತ್ತಾರೆ, ಪುಣ್ಯವಂತೆ ಬಿಡಿ, ಸೋಪಿನ ಖರ್ಚು ಉಳಿಯಿತು ಅನ್ನುತ್ತಾರೆ. ನಗುವವರಿಗೇನು ಗೊತ್ತು! ಬೆವರದ ಮೈಗೆ ಒಳಗಿನ ಬಿಸಿಯನ್ನು ಹೊರಗೆ ಹಾಕುವ ದಾರಿಯೇ ಇರುವುದಿಲ್ಲ. ಬಿಸಿಲಲ್ಲಿ ಒಂದಿಷ್ಟು ಹೊತ್ತು ನಿಂತರೆ ಮುಖ ಕೆಂಪೇರುತ್ತದೆ, ತಲೆನೋವು ಹಿಡಿಯುತ್ತದೆ, ಮಾತು ತೊದಲುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ ಹಾಗೇ ಆಗಿ, ಮಗು ಕೈ ತಪ್ಪಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಅಂದಿನಿಂದ ಆ ತಾಯಿಗೆ ಈ ಲೋಕದಲ್ಲಿ ಇರುವ ಶತ್ರು ಒಂದೇ, ಸೆಕೆ.

ಬಾಡಿಗೆ ಮನೆಗಳಲ್ಲಿ ಆಕೆ ಪಟ್ಟ ಪಾಡು ಕೇಳುವುದೇ ಬೇಡ. ಎಸಿ ಹಾಕಿದರೆ ವೈರು ಸುಡುತ್ತಿತ್ತು, ವೈರು ಸುಡದಿದ್ದರೆ ಮನೆ ಮಾಲೀಕರ ಹೊಟ್ಟೆ ಉರಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವನು ಜನರನ್ನು ಸಾಗಿಸುತ್ತಿದ್ದ ಉದ್ದನೆಯ ವ್ಯಾನಿನ ಸೀಟುಗಳನ್ನೆಲ್ಲ ಕಿತ್ತು ಹಾಕಿಸಿ, ಎರಡು ಮಂಚ, ಒಂದು ಒಲೆ, ಒಂದು ಸಣ್ಣ ಫ್ರಿಜ್ಜು, ಮಾಡಿನ ಮೇಲೊಂದು ಎಸಿ ಕೂರಿಸಿಕೊಂಡಳು. ಬಾಗಿಲ ಪಕ್ಕದಲ್ಲಿ ಸಾಣೆಕಲ್ಲು. ಬೇಸಿಗೆಗೆ ಬೆಟ್ಟದ ಕಡೆಗೆ, ಚಳಿಗೆ ಬಯಲಿಗೆ. ದರ್ಜಿಗಳ ಕತ್ತರಿ, ಹೋಟೆಲಿನವರ ಚಾಕು ಆಕೆಯ ಅನ್ನ. ದರ್ಜಿಗಳು ಕತ್ತರಿಯ ಜೊತೆಗೆ ಹರಿದ ಕೋಟು, ಇಲಿ ಕಡಿದ ಶಾಲು ಕೊಟ್ಟು ಕಳಿಸುತ್ತಿದ್ದರು. ಅವಕ್ಕೆ ಒಳಗೆ ತಣ್ಣಗೆ ಕುಳಿತು ರಫು ಹಾಕುವವಳು ಮಗಳು. ಎಲ್ಲಿ ಹರಿದಿತ್ತು ಎಂದು ಬಟ್ಟೆಯ ಒಡೆಯನೇ ಹುಡುಕಬೇಕು, ಅಂಥ ಕೈ.

ಮೊದಲು ಇದ್ದದ್ದು ಒಂದೇ ಜನರೇಟರು. ಫ್ರಿಜ್ಜು ಓಡುವಾಗ ಎಸಿ ಹಾಕಿದರೆ ಸಾಕು, ಭಾರ ತಾಳಲಾರದೆ ಅದು ಟಪ್ಪೆಂದು ನಿಂತುಬಿಡುತ್ತಿತ್ತು. ಆಮೇಲೆ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದನ್ನು ಕೊಂಡು ತಂದಳು. ಎರಡನ್ನೂ ಕೂಡಿಸುವ ವೈರು ಹೇಗೆ ಹಾಕಬೇಕು, ಒಂದನ್ನು ಚಾಲೂ ಮಾಡಿ ಇನ್ನೊಂದು ಅದರ ಜೊತೆ ಹೊಂದಿಕೊಳ್ಳುವವರೆಗೆ ಹೇಗೆ ಕಾಯಬೇಕು, ಎಲ್ಲವನ್ನೂ ಅಂಗಡಿಯವನು ಹೇಳಿಕೊಟ್ಟ. ಹೊಗೆ ಮಾತ್ರ ವ್ಯಾನಿನ ಹತ್ತಿರ ಸುಳಿಯಬಾರದು ಎಂದು ಬಾರಿ ಬಾರಿ ಹೇಳಿದ. ಮಗಳು ಹಳೆಯದಕ್ಕೆ ಗೊಣಗಪ್ಪ ಎಂದೂ ಹೊಸದಕ್ಕೆ ಮೆಲ್ಲವ್ವ ಎಂದೂ ಹೆಸರಿಟ್ಟಳು. ಹೆಸರಿಡುವುದಷ್ಟೇ ಅವಳ ಪಾಲಿನದು. ಮುಟ್ಟಲು ತಾಯಿ ಬಿಡುತ್ತಿರಲಿಲ್ಲ. ಬಿಸಿಲಲ್ಲಿ ಬಗ್ಗಿ ಅವನ್ನು ಚಾಲೂ ಮಾಡುವ ಹಗ್ಗ ಎಳೆಯಲು ಇವಳನ್ನು ಬಿಡುವುದುಂಟೇ? ಮಗಳಿಗೆ ಇಪ್ಪತ್ತು ದಾಟಿದ್ದರೂ ಎಸಿಯ ಸ್ವಿಚ್ಚು, ಕಿಟಕಿಯ ಚಿಲಕ, ಬಾಗಿಲು, ಎಲ್ಲವೂ ತಾಯಿಯ ಕೈಯಲ್ಲೇ. ತಲೆನೋವು ಎಂದರೆ ಕಿಟಕಿ ಮುಚ್ಚು, ಎಸಿ ಜೋರು ಮಾಡು. ಇದೊಂದೇ ಮದ್ದು, ಇದುವರೆಗೂ ಕೈ ಕೊಟ್ಟಿರಲಿಲ್ಲ.

ಆ ದಿನ ವ್ಯಾನು ನಿಂತಿದ್ದದ್ದು ಬಟ್ಟೆ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ. ಜನರೇಟರುಗಳನ್ನು ಎಂದಿನಂತೆ ದೂರಕ್ಕೆ ಎಳೆದು, ಹೊಗೆ ಆಚೆ ಹೋಗುವಂತೆ ತಿರುಗಿಸಿ ಇಟ್ಟಿದ್ದಳು. ಗೋದಾಮಿನ ಕಾವಲುಗಾರ ಬಂದು, ಸದ್ದಿಗೆ ಒಳಗಿನವರು ರೇಗುತ್ತಿದ್ದಾರೆ, ಹೇಗಾದರೂ ಕಡಿಮೆ ಮಾಡಿ, ಇಲ್ಲವೇ ಗಾಡಿ ತೆಗೆಯಿರಿ ಎಂದ. ಸುಡುವ ಹೊತ್ತಿನಲ್ಲಿ ಮಗಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಎರಡನ್ನೂ ಎಳೆದು ತಂದು ವ್ಯಾನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಟ್ಟಳು, ಸದ್ದು ಅಡಗಲಿ ಎಂದು ಒಂದು ಹಲಗೆ ಅಡ್ಡ ನಿಲ್ಲಿಸಿದಳು. ಅಂಗಡಿಯವನ ಮಾತು ನೆನಪಿರಲಿಲ್ಲ ಎಂದಲ್ಲ. ಮಧ್ಯಾಹ್ನ ಕಳೆಯುವವರೆಗೆ ತಾನೆ, ಅಷ್ಟರಲ್ಲಿ ಏನಾದೀತು ಎಂದುಕೊಂಡಳು.

ತಾಯಿ ದರ್ಜಿಗಳ ಬೀದಿಯಿಂದ ಕತ್ತರಿಗಳ ಗಂಟು ಹೊತ್ತು ಬಂದಾಗ ಮಗಳು ಸೂಜಿ ಕೆಳಗಿಟ್ಟು ಹಣೆ ಒತ್ತಿಕೊಂಡು ಕುಳಿತಿದ್ದಳು. ಮುಖ ಕೆಂಪಾಗಿತ್ತು.

"ಅಮ್ಮ, ಇದು ಸೆಕೆ ತಲೆನೋವಲ್ಲ. ಬೇರೆ ಥರ ಇದೆ."

"ತಲೆನೋವಲ್ಲಿ ಎಂಥ ಥರ? ಸುಮ್ನೆ ಮಲ್ಕೋ."

ಎಸಿ ಜೋರು ಮಾಡಿದಳು, ಕಿಟಕಿ ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು, ಬಾಗಿಲ ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿದಳು. ಹಣೆಗೆ ಒದ್ದೆ ಬಟ್ಟೆ ಹಾಕಿ, ಹೋಟೆಲಿನವನಿಗೆ ಕೊಡಬೇಕಾದ ಚಾಕುಗಳನ್ನು ಕೊಟ್ಟು ಬರಲು ಓಡಿದಳು. ಅಯ್ಯೋ, ಆ ಹೆಂಗಸು ಆ ಹೊತ್ತಿನಲ್ಲಿ ಮಾಡಿದ್ದೆಲ್ಲ ಪ್ರೀತಿಯಿಂದಲೇ, ಮಾಡಿದ್ದೆಲ್ಲ ತಪ್ಪೇ.

ತಿರುಗಿ ಬಂದರೆ ವ್ಯಾನಿನ ಬಾಗಿಲು ಹಾರು ಹೊಡೆದಿತ್ತು. ಮಗಳು ಹೊರಗೆ, ಖಾಲಿ ಜಾಗದ ಆಚೆ ಬದಿಯ ಗೋಡೆಗೆ ಒರಗಿ ಕುಳಿತಿದ್ದಳು. ಕುಡಿಯುವ ನೀರಿನ ಕ್ಯಾನು ಪೂರ್ತಿ ಮೈಮೇಲೆ ಸುರಿದುಕೊಂಡು ಬಟ್ಟೆಯೆಲ್ಲ ತೊಪ್ಪೆಯಾಗಿತ್ತು. ಆದರೆ ಬಟ್ಟೆ ಒದ್ದೆಯಾದದ್ದು ತಾಯಿಯ ಕಣ್ಣಿಗೆ ಬೀಳಲಿಲ್ಲ, ಬಿದ್ದದ್ದು ಬಿಸಿಲು ಮಾತ್ರ. ಸಾಯಬೇಕು ಅಂತಲೇ ಹೊರಗೆ ಬಂದೆಯಾ ಎಂದು ಬಯ್ಯುತ್ತ, ಅಳುತ್ತ, ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮಗಳು ಬೇಡ ಬೇಡ ಎಂದು ತಲೆಯಾಡಿಸಿದಳು, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಾಣೆ ಹಿಡಿದು ಗಟ್ಟಿಯಾದ ಕೈಯ ಮುಂದೆ ಅವಳ ಬಲ ಎಷ್ಟು? ಬೆರಳು ಬಿಡಿಸಿ ಒಳಗೆ ಮಲಗಿಸಿ, ಬಾಗಿಲು ಹಾಕಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು.

ಒಳಗೆ ತಣ್ಣಗಿತ್ತು. ಮಗಳ ಮೈ ಕೂಡ ತಣ್ಣಗೇ ಇತ್ತು. ಸದ್ಯ, ಬದುಕಿದೆ ಎಂದು ಉಸಿರು ಬಿಟ್ಟಳು. ಆದರೆ ಮಗಳು ಕರೆದರೆ ಓಗೊಡಲಿಲ್ಲ. ಕೆನ್ನೆ ತಟ್ಟಿದರೂ ಕಣ್ಣು ತೆರೆಯಲಿಲ್ಲ. ಎಸಿಯನ್ನು ಇನ್ನೂ ಜೋರು ಮಾಡೋಣ ಎಂದು ಏಳಲು ಹೋದಾಗ ತಾಯಿಗೇ ತಲೆ ಸುತ್ತಿತು, ಹಣೆ ಸಿಡಿಯುತ್ತಿತ್ತು. ಹಾಗೇ ನಿಂತಳು. ಬಿಸಿಲಲ್ಲಿ ಊರೆಲ್ಲ ಸುತ್ತಿದರೂ ಆಕೆಗೆ ಇಷ್ಟು ವರ್ಷದಲ್ಲಿ ತಲೆನೋವು ಬಂದದ್ದಿಲ್ಲ. ತನಗೇಕೆ ನೋಯುತ್ತಿದೆ, ಅದೂ ಈ ತಂಪಿನಲ್ಲಿ? ಗೋಡೆಯ ಸಂದಿಯಿಂದ ಎರಡು ಜನರೇಟರುಗಳ ಸದ್ದು ಕೇಳುತ್ತಿತ್ತು. ತಾಳ ತಪ್ಪದಂತೆ, ಒಂದಕ್ಕೊಂದು ಹೊಂದಿಕೊಂಡು, ಚೆನ್ನಾಗಿ ಓಡುತ್ತಿದ್ದವು.

ಬಾಗಿಲನ್ನು ಒದ್ದು ತೆರೆದಳು. ಮಗಳನ್ನು ಹೊತ್ತುಕೊಂಡು, ಹೆದರುತ್ತ ಬದುಕಿದ ಅದೇ ಬಿಸಿಲಿಗೆ ಇಳಿದಳು. ಕಾವಲುಗಾರ ಓಡಿ ಬಂದು ಜನರೇಟರು ನಿಲ್ಲಿಸಿದ, ಗೋದಾಮಿನ ಲಾರಿಯಲ್ಲೇ ಆಸ್ಪತ್ರೆಗೆ ಸಾಗಿಸಿದರು. ಸದ್ದು ಮಾಡಬೇಡಿ ಎಂದಿದ್ದ ಅವನೇ ದಾರಿಯುದ್ದಕ್ಕೂ ಮಗಳ ಒದ್ದೆ ಬಟ್ಟೆಗೆ ರಟ್ಟಿನಿಂದ ಗಾಳಿ ಹಾಕುತ್ತಿದ್ದ.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಇಟ್ಟರು. ಜನರೇಟರಿನ ಹೊಗೆಯಿಂದ ವ್ಯಾನಿನೊಳಗೆ ತುಂಬಿದ್ದದ್ದು ವಾಸನೆಯೇ ಇಲ್ಲದ ವಿಷಗಾಳಿ, ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಏಳುತ್ತಿರಲಿಲ್ಲ ಎಂದರು ಡಾಕ್ಟರು. ಮಾರನೆಯ ದಿನ ಮಗಳು ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂದು ನೋಡಿಕೊಂಡು, ತಾಯಿಯ ಕಡೆ ತಿರುಗಿದಳು. ಬಯ್ದಿದ್ದರೆ ತಾಯಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಹೊರಗೆ ಬಂದಿದ್ದೆ ಅಮ್ಮ," ಎಂದಳು ಮೆಲ್ಲಗೆ. "ನೀನೇ ಒಳಗೆ ಎತ್ಕೊಂಡು ಹೋದೆ."

ಬಾಗಿಲ ಚೌಕಟ್ಟಿನಿಂದ ತಾನೇ ಬಿಡಿಸಿದ್ದ ಆ ಬೆರಳುಗಳನ್ನು ಸಾಣೆಯಮ್ಮ ತನ್ನ ಕೈಯೊಳಗೆ ತೆಗೆದುಕೊಂಡಳು.

ಮನೆಗೆ, ಅಂದರೆ ವ್ಯಾನಿಗೆ, ಮರಳಿದ ಮೇಲೆ ಜನರೇಟರುಗಳನ್ನು ಖಾಲಿ ಜಾಗದ ಆ ತುದಿಗೆ ಎಳೆದು ಇಟ್ಟಳು. ಉದ್ದದ ವೈರು ತಂದಳು. ಇದೆಲ್ಲ ಸುಲಭ, ಕೈಯಿಂದ ಆಗುವ ಕೆಲಸ. ಕಷ್ಟದ್ದು ಸಂಜೆ ಬಂತು. ಗಾಳಿ ಇರಲಿಲ್ಲ, ಸೆಕೆ ಇಳಿದಿರಲಿಲ್ಲ. ಮಗಳು ತೆರೆದ ಬಾಗಿಲ ಬಳಿ ಶಾಲೊಂದಕ್ಕೆ ರಫು ಹಾಕುತ್ತ ಕುಳಿತಿದ್ದಳು, ಕೆನ್ನೆಯಲ್ಲಿ ಸಣ್ಣಗೆ ಕೆಂಪು. ತಾಯಿಯ ಕೈ ಅದರ ಪಾಡಿಗೆ ಎಸಿಯ ಸ್ವಿಚ್ಚಿನ ಮೇಲೆ ಹೋಗಿತ್ತು. ಹೋದದ್ದು ಅಲ್ಲೇ ನಿಂತಿತು.

"ಹಾಕ್ಲಾ?" ಎಂದು ಕೇಳಿದಳು. ಮಗಳು ಹುಟ್ಟಿದಾಗಿನಿಂದ ಆಕೆ ಕೇಳದೇ ಇದ್ದ ಮಾತು ಅದು.

ಮಗಳು ಸೂಜಿ ನಿಲ್ಲಿಸಿ, ತನ್ನ ಮೈಯನ್ನು ತಾನೇ ಒಮ್ಮೆ ವಿಚಾರಿಸಿಕೊಂಡವಳಂತೆ ಯೋಚಿಸಿದಳು. "ಈಗ್ಲೇ ಬೇಡ. ಬೇಕಾದ್ರೆ ಹೇಳ್ತೀನಿ."

ತಾಯಿ ಸ್ವಿಚ್ಚಿನಿಂದ ಕೈ ತೆಗೆದು, ಆ ಕೈ ಮತ್ತೆ ಹೋಗದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಮಗಳ ಪಕ್ಕದಲ್ಲಿ ಸೆಕೆಯಲ್ಲೇ ಕುಳಿತಳು.